ಹನ್ನೆರಡು ಕೋಣೆ, ಹದಿನಾಲ್ಕು ದಾರಿ: ಡಂಜನ್ ಕಟ್ಟುವ ಬಗೆ

ಓಣಿ ಇಲ್ಲಿ ಎರಡಾಗಿ ಕವಲೊಡೆಯುತ್ತದೆ. ಎಡಕ್ಕೆ ಹೋಗುತ್ತೀರೋ, ಬಲಕ್ಕೋ? ಮೇಜಿನ ಸುತ್ತ ಕೂತವರನ್ನು ಹೀಗೆ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನೋ ಒಂದು ಹೇಳಬೇಕಲ್ಲ ಎಂದು "ಎಡಕ್ಕೆ" ಅನ್ನುತ್ತಾರೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು.

ಅದೇ ಕವಲನ್ನು ಹೀಗೆ ಹೇಳಿ ನೋಡಿ. ಎಡಗಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ, ಅದರ ಜೊತೆಗೆ ಈರುಳ್ಳಿ ಹುರಿಯುವ ವಾಸನೆ. ಬಲಗಡೆ ನೆಲ ಒದ್ದೆ. ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಪಾಚಿಯ ಗೆರೆ. ನಿಮ್ಮ ಚೀಲದಲ್ಲಿ ಉಳಿದಿರುವುದು ಎರಡೇ ಪಂಜು. ಈಗ ಮೇಜಿನ ಸುತ್ತ ವಾದ ಏಳುತ್ತದೆ. ಅಡುಗೆ ಮಾಡುವವರು ಎಷ್ಟು ಜನ ಇರಬಹುದು? ಗಾಳಿ ಬರುತ್ತಿದೆ ಅಂದರೆ ಹೊರಗೆ ಹೋಗುವ ದಾರಿಯೂ ಅತ್ತಲೇ ಇರಬೇಕಲ್ಲ? ಪಾಚಿಯ ಗೆರೆಯವರೆಗೆ ನೀರು ಮತ್ತೆ ಏರಿದರೆ ಗತಿ ಏನು? ಡಂಜನ್ ವಿನ್ಯಾಸದ ಕಸುಬು ಮೊದಲನೆಯ ಕವಲನ್ನು ಎರಡನೆಯದಾಗಿ ಮಾಡುವುದರಲ್ಲಿದೆ. ಆಟಗಾರರಿಗೆ ಆಯ್ಕೆ ಇರಬೇಕು, ಆಯ್ಕೆಗೆ ಆಧಾರವಾಗುವ ಸುಳಿವು ಇರಬೇಕು, ಆಯ್ದುಕೊಂಡದ್ದಕ್ಕೆ ಬೆಲೆಯೂ ಇರಬೇಕು. ನಕ್ಷೆ, ರಾಕ್ಷಸರು, ಬಲೆ, ನಿಧಿ ಎಲ್ಲವನ್ನೂ ಈ ಮೂರು ಮಾತಿಗೆ ಒರೆಹಚ್ಚಿ ನೋಡಬಹುದು.

ಈ ಆಟ ಆಡದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾದರಿಯ ರೋಲ್‌ಪ್ಲೇಯಿಂಗ್ ಆಟದಲ್ಲಿ ಒಬ್ಬೊಬ್ಬ ಆಟಗಾರರೂ ಒಂದೊಂದು ಪಾತ್ರ ವಹಿಸುತ್ತಾರೆ: ಒಬ್ಬರು ಯೋಧ, ಒಬ್ಬರು ಕಳ್ಳಿ, ಇನ್ನೊಬ್ಬರು ಮಾಂತ್ರಿಕ. ಆಟ ನಡೆಸುವವರು ಡಂಜನ್ ಮಾಸ್ಟರ್, ಅಂದರೆ ಡಿಎಂ. ಸುತ್ತಲಿನ ಲೋಕ ಹೇಗಿದೆ ಎಂದು ಡಿಎಂ ಹೇಳುತ್ತಾರೆ. ಪಾತ್ರ ಏನು ಮಾಡುತ್ತದೆ ಎಂದು ಆಟಗಾರರು ಹೇಳುತ್ತಾರೆ. ಫಲಿತಾಂಶದ ಬಗ್ಗೆ ಅನುಮಾನವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಡಂಜನ್ ಎಂದರೆ ಈ ಪಾತ್ರಗಳು ಹೊಕ್ಕು ಹುಡುಕುವ ಜಾಗ. ಹಾಳುಬಿದ್ದ ಕೋಟೆಯ ನೆಲಮಾಳಿಗೆ, ಗುಹೆ, ಸಮಾಧಿ, ಗಣಿ, ಯಾವುದೂ ಆದೀತು.

ಗೋಡೆ ಬೇಕಾದದ್ದೇಕೆ

1970ರ ದಶಕದ ಆರಂಭ. ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರದಲ್ಲಿ ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಜೋಡಿಸಿ ಹಳೆಯ ಕದನಗಳನ್ನು ಆಡುವ ಹವ್ಯಾಸಿಗಳ ಗುಂಪೊಂದಿತ್ತು. ಆ ಗುಂಪಿನ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ನಾಡು ಕಟ್ಟಿ, ಅಲ್ಲಿನ ಕೋಟೆಯ ಅಡಿಯಲ್ಲಿ ಸುರಂಗಗಳನ್ನು ಹೆಣೆದು, ಗೆಳೆಯರನ್ನು ಒಳಗೆ ಇಳಿಸಿದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಅದರ ರುಚಿ ಕಂಡು ತಾವೂ ಗ್ರೇಹಾಕ್ ಕೋಟೆಯ ನೆಲಮಾಳಿಗೆಗಳನ್ನು ಬರೆಯತೊಡಗಿದರು. ಇಬ್ಬರ ಕೆಲಸವೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರು ಪುಟ್ಟ ಕೈಪಿಡಿಗಳಾಗಿ ಅಚ್ಚಾಯಿತು. ನೆಲದಡಿಯ ಲೋಕವನ್ನು ಹೇಗೆ ಬರೆಯಬೇಕು ಎನ್ನುವ ಸೂಚನೆಗೆ ಮೂರನೆಯ ಕೈಪಿಡಿಯಲ್ಲಿ ಜಾಗ ಸಿಕ್ಕಿತು.

ಆಟ ನೆಲದಡಿಯಲ್ಲೇ ಬೇರು ಬಿಡಲು ಒಂದು ವ್ಯಾವಹಾರಿಕ ಕಾರಣವಿದೆ. ಬಯಲಿನಲ್ಲಿ ನಿಂತ ಪಾತ್ರ ಎಂಟು ದಿಕ್ಕಿಗೂ ಹೋಗಬಹುದು. ಅಷ್ಟಕ್ಕೆಲ್ಲ ಡಿಎಂ ಮೊದಲೇ ತಯಾರಿ ಮಾಡಿಕೊಳ್ಳುವುದು ಆಗದ ಮಾತು. ಗೋಡೆ ಎದ್ದರೆ ದಿಕ್ಕು ಎರಡೋ ಮೂರೋ ಆಗುತ್ತದೆ. ತಯಾರಿ ಒಂದು ಹಾಳೆಯಲ್ಲಿ ಮುಗಿಯುತ್ತದೆ, ಆದರೂ ಆಟಗಾರರ ಸ್ವಾತಂತ್ರ್ಯ ಹೋಗುವುದಿಲ್ಲ. ಗೋಡೆಗಳನ್ನು ಇನ್ನೂ ಬಿಗಿ ಮಾಡಿ ದಾರಿ ಒಂದೇ ಉಳಿಸಿದರೆ ಮಾತ್ರ ಕೆಟ್ಟಿತು. ಆಗ ಅದು ಹಾವು ಏಣಿ ಆಟದಂತೆ: ದಾಳ ಉರುಳುತ್ತದೆ, ಕಾಯಿ ಮುಂದೆ ಹೋಗುತ್ತದೆ, ಆಡುವವರು ಯೋಚಿಸಬೇಕಾದದ್ದು ಏನೂ ಇರುವುದಿಲ್ಲ.

ಮೊದಲು ಚರಿತ್ರೆ, ಮೂರೇ ಸಾಲು

ಪೆನ್ಸಿಲ್ ಹಿಡಿದ ಕೂಡಲೇ ಕೋಣೆ ಬರೆಯಲು ಹೊರಡಬೇಡಿ. ಮೂರು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆದುಕೊಳ್ಳಿ. ಇದನ್ನು ಕಟ್ಟಿದವರು ಯಾರು, ಯಾವ ಕೆಲಸಕ್ಕೆ? ಅವರು ಬಿಟ್ಟುಹೋದದ್ದೇಕೆ? ಈಗ ಒಳಗಿರುವವರು ಯಾರು, ಅವರಿಗೆ ಬೇಕಾದದ್ದೇನು?

ಲೇಖನದ ಉದ್ದಕ್ಕೂ ಹಿಡಿದು ಹೋಗಲು ಒಂದು ಕಲ್ಪಿತ ಗಣಿ ತೆಗೆದುಕೊಳ್ಳೋಣ. ನೂರು ವರ್ಷದ ಹಿಂದೆ ಬೆಳ್ಳಿಗಾಗಿ ತೋಡಿದ ಗಣಿ ಅದು. ಆಳಕ್ಕೆ ಹೋದಾಗ ನೀರು ನುಗ್ಗಿ ಕೆಳಗಿನ ಅಂತಸ್ತು ಮುಳುಗಿತು; ಜನ ಬಿಟ್ಟುಹೋದರು. ಈಗ ಮೇಲಿನ ಅಂತಸ್ತಿನಲ್ಲಿ ಕಳ್ಳಸಾಗಣೆಯವರ ಬಿಡಾರ. ಅವರಿಗೆ ಕೆಳಗೆ ಉಳಿದ ಬೆಳ್ಳಿಯ ಗಟ್ಟಿಗಳು ಬೇಕು, ಅದಕ್ಕೆ ನೀರು ಬತ್ತಬೇಕು. ಕೆಳಗೆ ಕಪ್ಪೆಮುಖದ ಜನ ಮೊಟ್ಟೆಯಿಟ್ಟು ನೆಲೆಸಿದ್ದಾರೆ. ಅವರಿಗೆ ನೀರು ಈಗಿರುವಷ್ಟೇ ಇರಬೇಕು.

ಇಷ್ಟು ಬರೆದರೆ ಅರ್ಧ ನಕ್ಷೆ ತಾನೇ ಮೂಡುತ್ತದೆ. ಗಣಿ ಎಂದ ಮೇಲೆ ಅದಿರು ಮೇಲೆತ್ತುವ ರಾಟೆ ಬೇಕು, ಉಸಿರಾಡಲು ಗಾಳಿಬಾವಿ ಬೇಕು, ಒಸರುವ ನೀರನ್ನು ಹೊರಗೆ ಹರಿಸುವ ಸುರಂಗ ಬೇಕು, ಆ ಸುರಂಗಕ್ಕೆ ಒಂದು ತೂಬು ಬೇಕು. ಕೂಲಿಗಳು ಇಳಿಯುವ ಮುನ್ನ ಕೈಮುಗಿಯುತ್ತಿದ್ದ ದೇವರ ಗೂಡೂ ಇದ್ದಿರಬೇಕು. ಕೆಲಸಕ್ಕೆಂದು ಕಟ್ಟಿದ ಜಾಗವನ್ನು ಆಟಗಾರರು ಊಹಿಸಬಲ್ಲರು. ಗಾಳಿಬಾವಿ ಎಲ್ಲೋ ಇರಲೇಬೇಕೆಂದು ಒಬ್ಬರು ಲೆಕ್ಕ ಹಾಕಿ, ಗುಡ್ಡದ ಮೇಲೆ ಹುಡುಕಿ, ಅದನ್ನು ಕಂಡುಹಿಡಿದರೆ ಆ ಸಂತೋಷ ಯಾವ ದಾಳದಿಂದಲೂ ಬರುವಂಥದ್ದಲ್ಲ.

ನಕ್ಷೆಯಲ್ಲಿ ಸುತ್ತು ಇರಲಿ

ಗಣಿಗೆ ಹನ್ನೆರಡು ಕೋಣೆ ಇಟ್ಟುಕೊಳ್ಳೋಣ. ಎರಡು ಮೂರು ಸಂಜೆಯ ಆಟಕ್ಕೆ ಅಷ್ಟು ಸಾಕು.

ಮೇಲಿನ ಅಂತಸ್ತು: 1 ಗಣಿಬಾಯಿ, 2 ಕಾವಲು ಕೋಣೆ, 3 ಬಿಡಾರ, 4 ಉಗ್ರಾಣ, 5 ರಾಟೆ ಕೋಣೆ, 6 ಗಾಳಿಬಾವಿಯ ಬುಡ, 7 ಕುಸಿದ ಓಣಿ. ಕೆಳಗಿನ ಅಂತಸ್ತು: 8 ತೂಬಿನ ಕೋಣೆ, 9 ಎದೆಮಟ್ಟ ನೀರಿನ ದೊಡ್ಡ ಹಜಾರ, 10 ಮೊಟ್ಟೆಯ ಕೊಳ, 11 ದೇವರ ಗೂಡು, 12 ಬೆಳ್ಳಿಯ ಕೋಣೆ.

ಹನ್ನೆರಡು ಕೋಣೆಗಳನ್ನು ಒಂದಕ್ಕೊಂದು ಬೆಸೆಯಲು 11 ದಾರಿ ಸಾಕು. ಅಷ್ಟಕ್ಕೇ ನಿಲ್ಲಿಸಿದರೆ ನಕ್ಷೆ ಮರದ ಕೊಂಬೆಗಳ ಹಾಗೆ ಹರಡಿಕೊಳ್ಳುತ್ತದೆ: ಪ್ರತಿ ಕೊಂಬೆಯ ತುದಿಯೂ ಮುಚ್ಚಿದ ಗೋಡೆ, ಹೋದ ದಾರಿಯಲ್ಲೇ ಹಿಂದಿರುಗಬೇಕು. 12ನೆಯ ದಾರಿ ಎಳೆದ ಕೂಡಲೇ ಒಂದು ಸುತ್ತು ಹುಟ್ಟುತ್ತದೆ. ಆಮೇಲೆ ಒಂದೊಂದು ದಾರಿಗೂ ಒಂದೊಂದು ಸುತ್ತು. ಈ ಗಣಿಯಲ್ಲಿ 14 ದಾರಿ, ಅಂದರೆ ಮೂರು ಸುತ್ತು. 1ರಿಂದ 2, ಅಲ್ಲಿಂದ 3. ಬಿಡಾರದಿಂದ ಉಗ್ರಾಣದ ಮೂಲಕವೂ ರಾಟೆ ಕೋಣೆ ಸೇರಬಹುದು, ಗಾಳಿಬಾವಿಯ ಬುಡದಿಂದಲೂ ಸೇರಬಹುದು: 3, 4, 5, 6 ಒಂದು ಸುತ್ತು. ಕೆಳಗಿಳಿಯಲು ರಾಟೆಯ ಹಗ್ಗ ಹಿಡಿದು 5ರಿಂದ 8ಕ್ಕೆ ಹೋಗಬಹುದು, ಇಲ್ಲವೇ 6, 7, 11ರ ಮೂಲಕ ಬಳಸಿಕೊಂಡು 9ಕ್ಕೆ ಇಳಿಯಬಹುದು. 8 ಮತ್ತು 9 ಅಕ್ಕಪಕ್ಕದಲ್ಲೇ ಇರುವುದರಿಂದ ಅದು ಎರಡನೆಯ ಸುತ್ತು. ಬೆಳ್ಳಿಯ ಕೋಣೆಗೆ ಹಜಾರ, ಮೊಟ್ಟೆಯ ಕೊಳ ದಾಟಿ ಹೋಗುವ ದಾರಿ ಒಂದು. ತೂಬಿನ ಕೋಣೆಯಿಂದ ನೇರವಾಗಿ ಹೋಗುವ, ಈಗ ಪೂರ್ತಿ ಮುಳುಗಿರುವ ಸುರಂಗ ಇನ್ನೊಂದು. ಅದು ಮೂರನೆಯದು.

ಸುತ್ತಿನಿಂದ ಬರುವ ಲಾಭಗಳು ಹಲವು. ಕಾವಲಿನವರ ಕಣ್ಣು ತಪ್ಪಿಸಿ ಹಿಂದಿನಿಂದ ಬರಬಹುದು. ಬೆನ್ನಟ್ಟಿಸಿಕೊಂಡು ಓಡಬಹುದು. ಎದುರಾಳಿಗಳೂ ಹಾಗೆಯೇ ಬಳಸಿ ಬಂದು ಆಟಗಾರರ ಬೆನ್ನ ಹಿಂದೆ ನಿಲ್ಲಬಹುದು. ಒಂದು ಕೋಣೆ ತೀರ ಅಪಾಯ ಅನ್ನಿಸಿದರೆ ಬಿಟ್ಟು ಮುಂದೆ ಹೋಗಬಹುದು. ಎರಡು ದಾರಿಗಳೂ ಒಂದೇ ಥರ ಇರಬಾರದು, ಅಷ್ಟೇ: ಒಂದು ಹತ್ತಿರ ಆದರೆ ಕಾವಲಿದೆ, ಇನ್ನೊಂದು ದೂರ ಆದರೆ ಕುಸಿಯುವಂತಿದೆ ಎಂದಿದ್ದರೇ ಆಯ್ಕೆಗೆ ಅರ್ಥ.

ಒಳಹೊಗುವ ಬಾಗಿಲೂ ಒಂದೇ ಇರಬೇಕಿಲ್ಲ. ಗಣಿಬಾಯಿಯಲ್ಲಿ ಕಾವಲಿದೆ. ಗುಡ್ಡದ ಮೇಲಿನ ಗಾಳಿಬಾವಿ 60 ಅಡಿ ಆಳ. ಹಗ್ಗ ಬೇಕು, ಮೇಲೆ ಒಬ್ಬರು ನಿಲ್ಲಬೇಕು. ಹಳ್ಳದ ದಂಡೆಯಲ್ಲಿ ಬಾಯಿ ತೆರೆದ ನೀರಿನ ಸುರಂಗ ತೂಬಿನ ಕೋಣೆಗೇ ಒಯ್ಯುತ್ತದೆ. ಆದರೆ ಬಗ್ಗಿಕೊಂಡೇ ಹೋಗಬೇಕು, ಒಳಗಿರುವಾಗ ಯಾರಾದರೂ ತೂಬು ಎತ್ತಿದರೆ ನೀರಿನ ಜೊತೆ ಹಳ್ಳಕ್ಕೇ ವಾಪಸ್ಸು.

ಈ ಬಗೆಯ ನಕ್ಷೆಗೆ ಮಾದರಿ ಹಾಕಿಕೊಟ್ಟವರು ಜೆನೆಲ್ ಜಾಕ್ವೇಸ್. 1979ರಲ್ಲಿ ಜಡ್ಜಸ್ ಗಿಲ್ಡ್ ಪ್ರಕಟಿಸಿದ ಅವರ ಕ್ಯಾವರ್ನ್ಸ್ ಆಫ್ ಥ್ರೇಸಿಯಾದಲ್ಲಿ ಒಳಹೊಗಲು ಹಲವು ಬಾಯಿಗಳಿವೆ. ಅಂತಸ್ತಿನಿಂದ ಅಂತಸ್ತಿಗೆ ಇಳಿಯಲು ಮೆಟ್ಟಿಲಷ್ಟೇ ಅಲ್ಲದೆ ಬಿರುಕು, ಕಂದರ, ಗುಪ್ತಮಾರ್ಗಗಳೂ ಇವೆ. ಜಸ್ಟಿನ್ ಅಲೆಕ್ಸಾಂಡರ್ 2010ರಲ್ಲಿ ಅವರ ತಂತ್ರಗಳನ್ನು ಬಿಡಿಸಿ ಬರೆದ ಮೇಲೆ ಹೊಸ ತಲೆಮಾರಿನ ಡಿಎಂಗಳಿಗೆ ಅದು ಪಾಠವೇ ಆಯಿತು. ಜಾಕ್ವೇಸ್ ಮುಂದೆ ಇಡ್ ಸಾಫ್ಟ್‌ವೇರ್ ಸೇರಿ ಕ್ವೇಕ್ 2, ಕ್ವೇಕ್ 3 ವಿಡಿಯೊ ಆಟಗಳ ಅಖಾಡಗಳನ್ನು ರೂಪಿಸಿದರು. 2024ರ ಜನವರಿಯಲ್ಲಿ ತೀರಿಕೊಂಡರು.

ಕೋಣೆ ತುಂಬುವ ಲೆಕ್ಕ

ಪ್ರತಿ ಕೋಣೆಯಲ್ಲೂ ಒಂದು ರಾಕ್ಷಸನನ್ನು ಕೂರಿಸುವುದು ಹೊಸಬರಿಗೆ ಬರುವ ಮೊದಲ ಆಲೋಚನೆ. ಹಳೆಯ ನಿಯಮಗಳು ಹಾಗೆ ಹೇಳುವುದಿಲ್ಲ. ಟಾಮ್ ಮೋಲ್ಡ್‌ವೇ ಸಂಪಾದಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1981ರ ಬೇಸಿಕ್ ಪುಸ್ತಕ ಕೋಣೆಗೊಂದು ಆರು ಮುಖದ ದಾಳ ಉರುಳಿಸಲು ಹೇಳುತ್ತದೆ. 1 ಅಥವಾ 2 ಬಿದ್ದರೆ ಜೀವಿ; 3 ಬಿದ್ದರೆ ಬಲೆ; 4 ಬಿದ್ದರೆ ವಿಶೇಷ; 5 ಅಥವಾ 6 ಬಿದ್ದರೆ ಖಾಲಿ. ನಿಧಿ ಇದೆಯೋ ಇಲ್ಲವೋ ಎಂಬುದಕ್ಕೆ ಇನ್ನೊಂದು ಬಾರಿ ದಾಳ: ಜೀವಿ ಇದ್ದಲ್ಲಿ ಆರರಲ್ಲಿ ಮೂರು ಪಾಲು ಸಾಧ್ಯತೆ, ಬಲೆ ಇದ್ದಲ್ಲಿ ಎರಡು, ಖಾಲಿ ಕೋಣೆಯಲ್ಲಿ ಒಂದು.

ಹನ್ನೆರಡು ಕೋಣೆಗೆ ಈ ಪ್ರಮಾಣ ಹಾಕಿದರೆ ನಾಲ್ಕು ಜೀವಿ, ಎರಡು ಬಲೆ, ಎರಡು ವಿಶೇಷ, ನಾಲ್ಕು ಖಾಲಿ. ನಮ್ಮ ಗಣಿಯಲ್ಲಿ 2, 3, 9, 10ರಲ್ಲಿ ಜೀವಿಗಳಿವೆ. ಉಗ್ರಾಣಕ್ಕೂ ಕುಸಿದ ಓಣಿಗೂ ಬಲೆ. ತೂಬು ಮತ್ತು ದೇವರ ಗೂಡು ವಿಶೇಷ. 1, 5, 6, 12 ಖಾಲಿ. ಹಾಗೆ ಖಾಲಿಯಾದ ಹನ್ನೆರಡನೆಯದರಲ್ಲೇ ಇಡೀ ಗಣಿಯ ದೊಡ್ಡ ನಿಧಿ.

ಮೂರರಲ್ಲೊಂದು ಪಾಲು ಖಾಲಿ ಬಿಡುವುದು ಸೋಮಾರಿತನವಲ್ಲ. ಖಾಲಿ ಕೋಣೆಯಲ್ಲಿ ಪಾತ್ರಗಳು ಗಾಯ ಕಟ್ಟಿಕೊಳ್ಳಬಹುದು, ಬಾಗಿಲು ಭದ್ರಮಾಡಿ ಯೋಜನೆ ಹೂಡಬಹುದು, ಬೆನ್ನಟ್ಟಿ ಬರುವವರಿಗೆ ತಾವೇ ಬಲೆ ಒಡ್ಡಬಹುದು. ಎಲ್ಲ ಬಾಗಿಲ ಹಿಂದೆಯೂ ಹಲ್ಲು ಕಾದಿದ್ದರೆ ಬಾಗಿಲಿಗೆ ಕಿವಿಯಿಟ್ಟು ಕೇಳುವುದರಲ್ಲಿ ಅರ್ಥವೇ ಉಳಿಯುವುದಿಲ್ಲ. ಖಾಲಿ ಅಂದರೆ ಬರಿದು ಎಂದೂ ಅಲ್ಲ. ರಾಟೆ ಕೋಣೆಯಲ್ಲಿ ಹಗ್ಗ ಹೊಸದು, ಅಚ್ಚಿಗೆ ಎಣ್ಣೆ ಬಿಟ್ಟಿದ್ದಾರೆ. ಯಾರೋ ಇದನ್ನು ದಿನವೂ ಬಳಸುತ್ತಿದ್ದಾರೆ ಎಂಬ ಸುಳಿವು ಅಷ್ಟರಲ್ಲೇ ಇದೆ.

ವಿಶೇಷ ಎಂದರೆ ಮುಟ್ಟಿದರೆ ಏನಾದರೂ ಬದಲಾಗುವ ವಸ್ತು. ಅದು ಇಡೀ ನಕ್ಷೆಯನ್ನೇ ಬದಲಿಸುವಂತಿದ್ದರೆ ಇನ್ನೂ ಚೆಂದ. ತೂಬು ಎತ್ತಿದರೆ ಹಜಾರದ ನೀರು ಇಳಿಯುತ್ತದೆ, 8ರಿಂದ 12ಕ್ಕೆ ಹೋಗುವ ಸುರಂಗ ತೆರೆದುಕೊಳ್ಳುತ್ತದೆ, ಮೊಟ್ಟೆಯ ಕೊಳ ಬತ್ತತೊಡಗುತ್ತದೆ, ಕಪ್ಪೆಮುಖದ ಜನ ಕೆರಳುತ್ತಾರೆ. ಒಂದು ಹಿಡಿಕೆ ಎತ್ತಿದ್ದಕ್ಕೆ ನಾಲ್ಕು ಪರಿಣಾಮ.

ಪಂಜಿನ ಗಡಿಯಾರ

ಸುಳಿವಿದ್ದು ಬೆಲೆಯಿಲ್ಲದಿದ್ದರೆ ಆಟಗಾರರು ಎಲ್ಲವನ್ನೂ ಮಾಡುತ್ತಾರೆ: ಪ್ರತಿ ಗೋಡೆ ತಟ್ಟುತ್ತಾರೆ, ಪ್ರತಿ ಕಲ್ಲು ಎತ್ತಿ ನೋಡುತ್ತಾರೆ. ಅವರನ್ನು ಆಯ್ಕೆಗೆ ದೂಡುವುದು ಸಮಯ.

1981ರ ನಿಯಮದಲ್ಲಿ ಹುಡುಕಾಟದ ಹೊತ್ತನ್ನು ಹತ್ತು ನಿಮಿಷದ ಸರದಿಗಳಾಗಿ ಒಡೆಯುತ್ತಾರೆ. ಭಾರ ಹೊರದ ಪಾತ್ರ ಒಂದು ಸರದಿಯಲ್ಲಿ 120 ಅಡಿ ನಡೆಯುತ್ತದೆ. ಇದು ನಿಧಾನ ಅನ್ನಿಸಬಹುದು. ಕತ್ತಲಲ್ಲಿ ತಡವರಿಸುತ್ತ, ನಕ್ಷೆ ಬರೆದುಕೊಳ್ಳುತ್ತ ಹೋಗುವ ವೇಗ ಇದು. ಆರು ಸರದಿಗೊಮ್ಮೆ ಒಂದು ಸರದಿ ವಿಶ್ರಾಂತಿ. ಒಂದು ಪಂಜು ಆರು ಸರದಿ ಉರಿಯುತ್ತದೆ, ಒಂದು ಕುಪ್ಪಿ ಎಣ್ಣೆ ಹಾಕಿದ ಲಾಂದ್ರ 24 ಸರದಿ. ಹತ್ತು ಅಡಿಗೊಂದು ಚೌಕದ ಗ್ರಾಫ್ ಹಾಳೆಯಲ್ಲಿ ಲೆಕ್ಕ ಹಾಕಿ: ಒಂದು ಪಂಜಿನ ಆಯುಸ್ಸಿನಲ್ಲಿ ಐದು ಸರದಿ ನಡಿಗೆ, 600 ಅಡಿ, 60 ಚೌಕ. ಕೋಣೆ ತಡಕಾಡಲು ನಿಂತರೆ ಅದರಲ್ಲೂ ಕಡಿತ. ಆದ್ದರಿಂದ ನಕ್ಷೆ ಬರೆದ ಮೇಲೆ ಹೆಬ್ಬಾಗಿಲಿನಿಂದ ನಿಧಿಯವರೆಗೆ ಚೌಕ ಎಣಿಸಿ. ಹೋಗಿ ಬರಲು ಎಷ್ಟು ಪಂಜು ಬೇಕೆಂದು ನಿಮಗೆ ಗೊತ್ತಿರಬೇಕು.

ಎರಡು ಸರದಿಗೊಮ್ಮೆ ಡಿಎಂ ಒಂದು ದಾಳ ಉರುಳಿಸುತ್ತಾರೆ. 1 ಬಿದ್ದರೆ ಅಲೆಮಾರಿ ಜೀವಿಯೊಂದು ಎದುರಾಗುತ್ತದೆ. ತಾಸಿಗೆ ಮೂರು ಬಾರಿ ಉರುಳಿದರೆ ಒಮ್ಮೆಯಾದರೂ ಯಾರಾದರೂ ಎದುರಾಗುವ ಸಾಧ್ಯತೆ ಶೇ 42ರಷ್ಟು. ಅಲೆಮಾರಿಗಳ ಬಳಿ ನಿಧಿ ಇರುವುದು ಅಪರೂಪ. ಅವರೊಡನೆ ಕಾದಾಡಿದರೆ ನಷ್ಟವೇ ಹೆಚ್ಚು. ಅದೇ ನಿಯಮದಲ್ಲಿ ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ, ಪಾತ್ರ ಬೆಳೆಯಲು ಬೇಕಾದ ಒಂದು ಅನುಭವಾಂಕ ಸಿಗುತ್ತದೆ, ರಾಕ್ಷಸನನ್ನು ಕೊಂದದ್ದಕ್ಕೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಜಾಣ ಆಟಗಾರರು ಕತ್ತಿ ಎಳೆಯುವ ಮುನ್ನ ಮಾತು, ಮೋಸ, ಓಟ ಎಲ್ಲವನ್ನೂ ಪ್ರಯತ್ನಿಸುತ್ತಾರೆ. ಅಲೆಮಾರಿಗಳ ಪಟ್ಟಿ ಬರೆಯುವಾಗ ಗಣಿಯಲ್ಲಿ ಇರುವವರನ್ನೇ ಹಾಕಿ: ನೀರು ತರಲು ಹೊರಟ ಇಬ್ಬರು ಕಳ್ಳರು, ಮೀನು ಹಿಡಿಯುತ್ತಿರುವ ಕಪ್ಪೆಮುಖದವನು, ದೂರದಲ್ಲಿ ಕಲ್ಲು ಉದುರುವ ಸದ್ದು. ಎಲ್ಲಿಂದಲೋ ಉದುರಿದ ಜೀವಿಗಿಂತ ಕೆಲಸದ ಮೇಲೆ ಹೊರಟ ಜೀವಿ ಹೆಚ್ಚು ಸುಳಿವು ಕೊಡುತ್ತದೆ.

ಭಾರವೂ ಗಡಿಯಾರವೇ. ಆ ನಿಯಮದಲ್ಲಿ ಹತ್ತು ನಾಣ್ಯಕ್ಕೆ ಒಂದು ಪೌಂಡ್ ತೂಕ. ಹೊರೆ ಹೆಚ್ಚಿದಷ್ಟೂ ನಡಿಗೆ ನಿಧಾನ, ನಡಿಗೆ ನಿಧಾನವಾದಷ್ಟೂ ಪಂಜು ಹೆಚ್ಚು ಬೇಕು, ದಾಳ ಹೆಚ್ಚು ಸಾರಿ ಉರುಳುತ್ತದೆ. ಬೆಳ್ಳಿಯ ಗಟ್ಟಿಗಳನ್ನು ಹೊರಗೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, ದಾರಿಯಲ್ಲಿ ಕಂಡು ಮರೆತಿದ್ದ ರಾಟೆ ನೆನಪಾಗಬೇಕು.

2014ರಲ್ಲಿ ಬಂದ ಐದನೆಯ ಆವೃತ್ತಿ ಆಡುವವರಿಗೆ ಇಲ್ಲೊಂದು ತೊಡಕಿದೆ. ಅದರಲ್ಲಿ ಕತ್ತಲಲ್ಲೂ ಕಣ್ಣು ಕಾಣುವ ಜನಾಂಗಗಳು ಹೆಚ್ಚು, ಬೆಳಕಿನ ಮಂತ್ರವೂ ಸುಲಭ. ಹಾಗಿದ್ದಾಗ ಪಂಜಿನ ಬದಲು ಬೇರೆ ಗಡಿಯಾರ ಕಟ್ಟಿ: ಸೂರ್ಯ ಮುಳುಗಿದರೆ ಕಳ್ಳರ ಇನ್ನೊಂದು ತಂಡ ಮರಳುತ್ತದೆ, ಮಳೆ ಸುರಿದು ನೀರು ಏರುತ್ತಿದೆ, ಒತ್ತೆಯಾಳನ್ನು ನಾಳೆ ಸಾಗಿಸುತ್ತಾರೆ. 2023ರ ಶ್ಯಾಡೋಡಾರ್ಕ್ ಎಂಬ ಆಟ ಇದಕ್ಕೆ ನೇರ ಉಪಾಯ ಹೂಡಿತು. ಅದರಲ್ಲಿ ಆಟಗಾರರ ಪಾತ್ರಗಳಿಗೆ ಕತ್ತಲಲ್ಲಿ ಕಾಣುವುದಿಲ್ಲ. ಪಂಜು ಹೊತ್ತಿಸಿದರೆ ಮೇಜಿನ ಮೇಲೆ ನಿಜವಾದ ಒಂದು ತಾಸಿನ ಟೈಮರ್ ಓಡುತ್ತದೆ.

ಒಳಗಿರುವವರಿಗೂ ಒಂದು ಬದುಕಿದೆ

1979ರ ಹೊತ್ತಿಗೆ ಗೈಗ್ಯಾಕ್ಸ್ ಬರೆದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್ ಲಕ್ಷಾಂತರ ಜನರ ಮೊದಲ ಡಂಜನ್. ಕಮರಿಯೊಂದರ ಎರಡೂ ಬದಿಗೆ ಹಲವು ಗುಹೆಗಳು, ಗುಹೆಗೊಂದು ಬುಡಕಟ್ಟು: ಕೋಬೋಲ್ಡ್, ಓರ್ಕ್, ಗಾಬ್ಲಿನ್, ಹಾಬ್‌ಗಾಬ್ಲಿನ್, ನೋಲ್. ಗಾಬ್ಲಿನ್‌ಗಳ ಗುಹೆಗೂ ನೆರೆಯ ದೈತ್ಯ ಓಗರ್‌ನ ಗುಹೆಗೂ ನಡುವೆ ಒಂದು ಗುಪ್ತ ಬಾಗಿಲು. ದಾಳಿಯಾದರೆ ಗಾಬ್ಲಿನ್‌ಗಳು 250 ಚಿನ್ನದ ನಾಣ್ಯದ ಚೀಲವನ್ನು ಅತ್ತ ಎಸೆಯುತ್ತಾರೆ. ಓಗರ್ ದುಡ್ಡು ತೆಗೆದುಕೊಂಡು ಅವರ ಪರ ಹೊಡೆದಾಡಲು ಬರುತ್ತಾನೆ. ಇಷ್ಟು ಸಣ್ಣ ವಿವರದಿಂದ ಎಷ್ಟೊಂದು ಸಾಧ್ಯತೆ ಹುಟ್ಟುತ್ತದೆ ನೋಡಿ. ಓಗರ್‌ಗೆ ಹೆಚ್ಚು ಹಣ ಕೊಟ್ಟು ಒಲಿಸಿಕೊಳ್ಳಬಹುದೇ? ಚೀಲವನ್ನೇ ಮೊದಲು ಕದ್ದರೆ?

ನಿಮ್ಮ ಡಂಜನ್‌ನಲ್ಲೂ ಕನಿಷ್ಠ ಎರಡು ಬಣ ಇರಲಿ. ಒಂದೊಂದಕ್ಕೂ ಮೂರು ಸಂಗತಿ ಬರೆದರೆ ಸಾಕು: ಬೇಕಾದದ್ದೇನು, ಭಯ ಯಾವುದಕ್ಕೆ, ಹೊರಗಿನವರಿಗೆ ಕೊಡಬಲ್ಲದ್ದೇನು. ಕಳ್ಳರ ನಾಯಕಿಗೆ ಬೆಳ್ಳಿ ಬೇಕು, ನೀರಿನ ಭಯ, ತೂಬು ತೆರೆದುಕೊಟ್ಟವರಿಗೆ ಪಾಲು ಕೊಡಬಲ್ಲಳು. ಕಪ್ಪೆಮುಖದ ಹಿರಿಯಳಿಗೆ ಮೊಟ್ಟೆ ಒಡೆಯುವವರೆಗೆ ನೀರು ಬೇಕು, ಬೆಂಕಿಯ ಭಯ, ಮುಳುಗಿದ ಕೋಣೆಯಿಂದ ಬೆಳ್ಳಿ ಹೆಕ್ಕಿ ತಂದುಕೊಡಬಲ್ಲಳು, ಅವಳ ಜನಕ್ಕೆ ಈಜು ಹುಟ್ಟುಗುಣ. ಬೆಳ್ಳಿಗೆ ಈಗ ಮೂರು ದಾರಿಯಾದವು: ಹೊಡೆದಾಟ, ತೂಬು, ಒಪ್ಪಂದ. ಯಾವುದನ್ನು ಹಿಡಿಯಬೇಕೆಂದು ಡಿಎಂ ತೀರ್ಮಾನಿಸುವ ಹಾಗಿಲ್ಲ.

ಎದುರಾದವರೆಲ್ಲ ಮೇಲೆ ಬೀಳಬೇಕೆಂದೂ ಇಲ್ಲ. 1981ರ ಪುಸ್ತಕದಲ್ಲಿ ಎದುರಾದ ಜೀವಿಯ ಮನಸ್ಥಿತಿ ಗೊತ್ತಿಲ್ಲದಿದ್ದರೆ ಎರಡು ದಾಳ ಉರುಳಿಸಿ ಕೂಡಬೇಕು. ಮೊತ್ತ 2 ಆದರೆ ನೇರ ದಾಳಿ. 3ರಿಂದ 5 ಹಗೆ, ಕೈಮಾಡಬಹುದು. 6ರಿಂದ 8 ಅನುಮಾನ. 9ರಿಂದ 11 ಜಗಳ ಬೇಡ. 12 ಆದರೆ ಸ್ನೇಹ. ಎರಡು ದಾಳದ 36 ಜೋಡಿಗಳಲ್ಲಿ ನೇರ ದಾಳಿಗೆ ಸಲ್ಲುವುದು ಒಂದೇ ಒಂದು. ಅನುಮಾನದ ಪಾಲಿಗೆ 16. ಮಾತಿಗೆ ಅವಕಾಶ ಅಷ್ಟು ದೊಡ್ಡದು.

ಬಲೆ ಕಾಣಿಸಲಿ

ನಡೆದು ಹೋಗುತ್ತಿದ್ದಾಗ ನೆಲ ಬಾಯ್ತೆರೆದು ಪಾತ್ರ ಸತ್ತರೆ ಆಟಗಾರರು ಕಲಿಯುವುದು ಒಂದೇ: ಇನ್ನು ಹೆಜ್ಜೆ ಹೆಜ್ಜೆಗೂ ಕೋಲಿನಿಂದ ನೆಲ ಕುಟ್ಟಬೇಕು. ಆಟ ಆಮೆಯಾಗುತ್ತದೆ. ಒಳ್ಳೆಯ ಬಲೆಗೆ ಮೂರು ಭಾಗ: ಗಮನವಿಟ್ಟವರಿಗೆ ಕಾಣುವ ಗುರುತು, ಅರ್ಥಮಾಡಿಕೊಳ್ಳಬಹುದಾದ ಯಂತ್ರ, ಸಿಕ್ಕಿಬಿದ್ದರೆ ಆಗುವ ಪರಿಣಾಮ. ಕುಸಿದ ಓಣಿಯಲ್ಲಿ ಮರದ ಆಸರೆಗಂಬಗಳು ಬಾಗಿವೆ, ನೆಲದ ತುಂಬ ಹೊಸ ಮಣ್ಣು, ಒಂದು ಕಂಬದ ಕೆಳಗೆ ಚಪ್ಪಟೆಯಾದ ಬುಟ್ಟಿ. ಇಲ್ಲಿ ಅಪಾಯವಿದೆ ಎಂಬುದು ಗುಟ್ಟಲ್ಲ. ದಾಟುವುದು ಹೇಗೆ ಎಂಬುದೇ ಪ್ರಶ್ನೆ. ಒಬ್ಬೊಬ್ಬರಾಗಿ, ಭಾರ ಇಳಿಸಿ, ಸದ್ದಿಲ್ಲದೆ ದಾಟಬೇಕೇ? ಕಂಬಕ್ಕೆ ಹಗ್ಗ ಕಟ್ಟಿ, ಕಳ್ಳರು ಬೆನ್ನಟ್ಟಿ ಬಂದಾಗ ಎಳೆಯಬೇಕೇ? ಕಣ್ಣಿಗೆ ಬಿದ್ದ ಬಲೆ ಆಟಗಾರರ ಕೈಯಲ್ಲಿ ಆಯುಧವಾಗುತ್ತದೆ.

ಇದಕ್ಕೆ ವಿರುದ್ಧ ತುದಿಯ ಉದಾಹರಣೆ ಗೈಗ್ಯಾಕ್ಸ್ ಅವರದೇ ಟೂಮ್ ಆಫ್ ಹಾರರ್ಸ್. 1975ರ ಆರಿಜಿನ್ಸ್ ಸಮ್ಮೇಳನದ ಸ್ಪರ್ಧೆಯಲ್ಲಿ ಆಡಿಸಿ, 1978ರಲ್ಲಿ ಅಚ್ಚಾದ ಆ ಸಮಾಧಿಯಲ್ಲಿ ಒಂದು ತಪ್ಪು ಹೆಜ್ಜೆಗೆ ಪಾತ್ರವೇ ಹೋಗುತ್ತದೆ. ಯಾರು ಎಷ್ಟು ದೂರ ತಲುಪಿದರು ಎಂದು ಅಳೆಯುವ ಸ್ಪರ್ಧೆಗೆ ಅದು ಸರಿ. ವರ್ಷಗಟ್ಟಲೆ ಒಂದೇ ಪಾತ್ರವನ್ನು ಬೆಳೆಸುವ ಗೆಳೆಯರ ಬಳಗಕ್ಕೆ ಆ ಅಳತೆಯ ಅಂಗಿ ಹೊಂದುವುದಿಲ್ಲ.

ಒಗಟುಗಳಿಗೂ ಇದೇ ಮಾತು. ಮುಂದೆ ಹೋಗುವ ಏಕೈಕ ಬಾಗಿಲನ್ನು ಒಂದು ಒಗಟಿನ ಹಿಂದೆ ಬಚ್ಚಿಡಬೇಡಿ. ಉತ್ತರ ಹೊಳೆಯದಿದ್ದರೆ ಸಂಜೆ ಅಲ್ಲಿಗೇ ಮುಗಿಯಿತು. ಒಗಟಿನ ಹಿಂದೆ ಹತ್ತಿರದ ದಾರಿ ಇರಲಿ, ಹೆಚ್ಚಿನ ನಿಧಿ ಇರಲಿ. ತಿಳಿಯಲೇಬೇಕಾದ ಸಂಗತಿಯೊಂದಿದ್ದರೆ ಅದನ್ನು ಕನಿಷ್ಠ ಮೂರು ಕಡೆ ಸುಳಿವಾಗಿ ಚೆಲ್ಲಿ. ಆಟಗಾರರು ಎರಡನ್ನು ದಾಟಿಹೋದರೂ ಒಂದಾದರೂ ಕಾಲಿಗೆ ತೊಡರುತ್ತದೆ.

ಮೇಜಿನ ಮೇಲಿನ ಟಿಪ್ಪಣಿ

ಆಟ ನಡೆಯುವಾಗ ಪುಟಗಟ್ಟಲೆ ಓದಲು ಪುರುಸೊತ್ತಿರುವುದಿಲ್ಲ. ಕೋಣೆಗೆ ನಾಲ್ಕೈದು ಸಾಲು ಸಾಕು, ಕಣ್ಣಿಗೆ ಬೀಳುವ ಕ್ರಮದಲ್ಲಿ ಬರೆಯಿರಿ. ತೂಬಿನ ಕೋಣೆಗೆ ಹೀಗೆ:

ಕಂಡದ್ದು: ನೀರಿನ ಮೊರೆತ. ಗೋಡೆಯಲ್ಲಿ ಕಬ್ಬಿಣದ ಹಲಗೆ, ಅದರ ಮೇಲೆ ಆಳೆತ್ತರದ ತಿರುಗಣೆ.
ಹತ್ತಿರ ಹೋದರೆ: ತಿರುಗಣೆಗೆ ತುಕ್ಕು, ಇಬ್ಬರ ಬಲ ಬೇಕು, ಒಂದು ಸರದಿ ಹಿಡಿಯುತ್ತದೆ. ಹಲಗೆಯ ಅಂಚಿನಲ್ಲಿ ಕಪ್ಪೆಮುಖದವರು ಮೆತ್ತಿದ ಜೇಡಿಮಣ್ಣು.
ತೂಬು ಎತ್ತಿದರೆ: ಮೂರು ಸರದಿಯಲ್ಲಿ 9 ಬತ್ತುತ್ತದೆ, 12ರ ದಾರಿ ತೆರೆಯುತ್ತದೆ. ಸದ್ದು ಗಣಿಯ ತುಂಬ ಕೇಳುತ್ತದೆ.
ದಾರಿಗಳು: ಮೇಲೆ 5 (ಹಗ್ಗ), ಪಕ್ಕಕ್ಕೆ 9 (ಉಪ್ಪಿನಂಥ ವಾಸನೆ), 12 (ಮುಳುಗಿದೆ), ಹೊರಕ್ಕೆ ಹಳ್ಳದ ಸುರಂಗ.

ಪ್ರತಿ ದಾರಿಯ ಪಕ್ಕದಲ್ಲಿ ಅತ್ತಣಿಂದ ಬರುವ ವಾಸನೆ, ಸದ್ದು, ಬೆಳಕು ಯಾವುದಾದರೊಂದನ್ನು ಗುರುತು ಹಾಕಿಕೊಳ್ಳಿ. ಮಾಂತ್ರಿಕನ ಮುತ್ತಾತನ ಚರಿತ್ರೆ ಬರೆಯುವುದಕ್ಕಿಂತ ಈ ಒಂದು ಪದ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನೂ ಕೆಲವು ಮಾದರಿಗಳು

ಸಮಯ ಒಂದೇ ಸಂಜೆ ಇದ್ದರೆ ಕೆನಡಾದ ಜಾನ್ ಫೋರ್ ಹರಡಿದ ಐದು ಕೋಣೆಯ ಸೂತ್ರ ಅನುಕೂಲ: ಕಾವಲಿರುವ ಬಾಗಿಲು, ಒಗಟು ಅಥವಾ ಮಾತುಕತೆ, ಮೋಸ ಇಲ್ಲವೇ ಹಿನ್ನಡೆ, ದೊಡ್ಡ ಕದನ, ಕೊನೆಗೆ ಬಹುಮಾನ ಅಥವಾ ಹೊಸ ತಿರುವು. ಕೋಣೆಗಳನ್ನು ಸಾಲಾಗಿ ಪೋಣಿಸಬೇಕೆಂದೇನೂ ಇಲ್ಲ. ಇಲ್ಲೂ ಒಂದು ಸುತ್ತು ಹಾಕಬಹುದು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಇಳಿಯುವ ಆಸೆಯಿದ್ದರೆ ಬ್ಲ್ಯಾಕ್‌ಮೂರ್, ಗ್ರೇಹಾಕ್ ಥರದ ಮೆಗಾಡಂಜನ್; ಅದನ್ನು ಒಮ್ಮೆಗೇ ಬರೆಯಬೇಕಿಲ್ಲ, ಆಟಗಾರರಿಗಿಂತ ಒಂದು ಅಂತಸ್ತು ಮುಂದಿದ್ದರೆ ಸಾಕು. ಏನೂ ಹೊಳೆಯದಿದ್ದರೆ ದಾಳವನ್ನೇ ಕೇಳಬಹುದು: 1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಮೊದಲ ಅನುಬಂಧದಲ್ಲಿ ಓಣಿ, ಬಾಗಿಲು, ಕೋಣೆಗಳನ್ನು ದಾಳದಿಂದಲೇ ಹುಟ್ಟಿಸುವ ಕೋಷ್ಟಕಗಳಿವೆ. ದಾಳ ಕೊಟ್ಟದ್ದಕ್ಕೆ ಕಾರಣ ಹುಡುಕುವುದು ನಿಮ್ಮ ಪಾಲಿನ ಕೆಲಸ. ಹೊಸಬರು ಕಲಿಯಲಿ ಎಂದೇ ಮೈಕ್ ಕಾರ್ ಬರೆದ ಇನ್ ಸರ್ಚ್ ಆಫ್ ದ ಅನ್‌ನೋನ್ ಇನ್ನೊಂದು ದಾರಿ ತುಳಿಯಿತು: ನಕ್ಷೆ, ಕೋಣೆಯ ವರ್ಣನೆ ಪುಸ್ತಕದ್ದು; ಯಾವ ಕೋಣೆಯಲ್ಲಿ ಯಾವ ಜೀವಿ, ಯಾವ ನಿಧಿ ಎಂದು ತುಂಬುವುದು ಓದುಗರ ಪಾಲಿಗೆ ಬಿಟ್ಟದ್ದು.

ಆಟಕ್ಕೆ ಮುನ್ನ, ಆಟದ ನಂತರ

ನಕ್ಷೆ ಮುಗಿದ ಮೇಲೆ ಹೆಬ್ಬಾಗಿಲಿನಿಂದ ನಿಧಿಯವರೆಗೆ ಬೆರಳಿಟ್ಟು ಮೂರು ಬೇರೆ ಬೇರೆ ದಾರಿಯಲ್ಲಿ ಹೋಗಿ ನೋಡಿ. ಮೂರನೆಯದು ಸಿಗದಿದ್ದರೆ ಇನ್ನೊಂದು ಓಣಿ ಎಳೆಯಿರಿ. ಪ್ರತಿ ಕವಲಿನಲ್ಲಿ ನಿಂತು, ಇಲ್ಲಿ ಆಟಗಾರರಿಗೆ ಏನು ಗೊತ್ತಿರುತ್ತದೆ ಎಂದು ಕೇಳಿಕೊಳ್ಳಿ. ಏನೂ ಇಲ್ಲ ಎಂಬ ಉತ್ತರ ಬಂದಲ್ಲಿ ಒಂದು ವಾಸನೆಯನ್ನೋ ಹೆಜ್ಜೆಗುರುತನ್ನೋ ಸೇರಿಸಿ. ಒಬ್ಬ ಕಾವಲುಗಾರ ಕೂಗಿದರೆ ಯಾವ ಕೋಣೆಯಿಂದ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ ಎಂದೂ ಅಂಚಿನಲ್ಲಿ ಬರೆದಿಡಿ.

ಕೊನೆ ಹೇಗಿರಬೇಕು ಎಂದು ಮಾತ್ರ ಬರೆಯಬೇಡಿ. ಆಟಗಾರರು ತೂಬು ಎತ್ತುತ್ತಾರೋ, ಕಪ್ಪೆಮುಖದವರ ಪರ ನಿಂತು ಕಳ್ಳರನ್ನು ಓಡಿಸುತ್ತಾರೋ, ಎರಡೂ ಬಣಕ್ಕೆ ಮಾತು ಕೊಟ್ಟು ಇಬ್ಬರಿಗೂ ಕೈಕೊಡುತ್ತಾರೋ ಅದು ಅವರಿಗೆ ಬಿಟ್ಟದ್ದು. ಅವರು ಮನೆಗೆ ಹೋದ ಮೇಲೆ ನಿಮ್ಮ ಕೆಲಸ ಮತ್ತೆ ಶುರು. ಸತ್ತವರ ಹೆಸರು ಹೊಡೆಯಿರಿ, ಮುರಿದ ಬಾಗಿಲಿಗೆ ಗುರುತು ಹಾಕಿ. ಉಳಿದ ಬಣಕ್ಕೆ ಒಂದು ವಾರ ಸಮಯ ಸಿಕ್ಕರೆ ಏನು ಮಾಡುತ್ತದೆ ಎಂದು ಯೋಚಿಸಿ: ಕಾವಲು ಇಮ್ಮಡಿಸುತ್ತಾರೆಯೇ, ಗಾಳಿಬಾವಿಗೆ ಕಬ್ಬಿಣದ ಜಾಳಿಗೆ ಹಾಕುತ್ತಾರೆಯೇ, ಖಾಲಿಯಾದ ಬಿಡಾರಕ್ಕೆ ಕೆಳಗಿನವರು ಏರಿ ಬರುತ್ತಾರೆಯೇ? ಎರಡನೆಯ ಸಂಜೆಯ ನಕ್ಷೆಗೆ ಹೊಸ ಹಾಳೆ ಬೇಡ. ಮೊದಲನೆಯ ಹಾಳೆಯ ಮೇಲೆ ರಬ್ಬರು, ಪೆನ್ಸಿಲು ಆಡಿಸಿದರೆ ಸಾಕು. ಅರ್ಧ ವಿನ್ಯಾಸವನ್ನು ಆಟಗಾರರೇ ಮಾಡಿಕೊಟ್ಟಿರುತ್ತಾರೆ.